ಸೂಜಿಗೆ ಪೂರ್ಣ ಅಂಕ, ಪುಡಿಗೆ ಷರತ್ತು: ಅಂಗ್ ಮೋ ಕಿಯೋದ ಒಂದು ಚೀನೀ ವೈದ್ಯ ಕ್ಲಿನಿಕ್

ಸಿಂಗಪುರದ ಅಂಗ್ ಮೋ ಕಿಯೋ ಬಡಾವಣೆಯಲ್ಲಿ ಎಚ್‌ಡಿಬಿ (ಸರ್ಕಾರಿ ವಸತಿ ಮಂಡಳಿ) ಕಟ್ಟಡವೊಂದರ ನೆಲಮಹಡಿಯಲ್ಲಿರುವ ಚೀನೀ ಪಾರಂಪರಿಕ ವೈದ್ಯದ ಕ್ಲಿನಿಕ್ಕಿಗೆ ನಾನು ಬಹುಕಾಲದ ಸೊಂಟನೋವಿಗಾಗಿ ಹೋಗುತ್ತಿದ್ದೇನೆ. ಊರಿನಿಂದ ಬಂದು ನಮ್ಮೊಡನೆ ಇದ್ದ ತಿಂಗಳುಗಳಲ್ಲಿ ಅಮ್ಮನೂ ಮಂಡಿನೋವಿಗಾಗಿ ಅಲ್ಲಿಗೇ ಬರುತ್ತಿದ್ದರು. ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಈ ಚಿಕಿತ್ಸೆಯ ಮಾತು ಬಂದಾಗ ಕೆಲವರು ಅದು ಎಲ್ಲ ಕಾಯಿಲೆಗೂ ಮದ್ದು ಎನ್ನುತ್ತಾರೆ, ಕೆಲವರು ಬರೀ ಮೋಸ ಎನ್ನುತ್ತಾರೆ. ಎರಡೂ ಮಾತು ನನಗೆ ಒಪ್ಪಿಗೆಯಿಲ್ಲ. ಸೂಜಿ ಚಿಕಿತ್ಸೆಯ (ಅಕ್ಯುಪಂಕ್ಚರ್) ಮಟ್ಟಿಗೆ ಈ ಕ್ಲಿನಿಕ್ಕಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಗಿಡಮೂಲಿಕೆಯ ಪುಡಿಗಳನ್ನು ಕೆಲವು ಷರತ್ತುಗಳ ಮೇಲೆ ಮಾತ್ರ ಒಪ್ಪುತ್ತೇನೆ. ಕೌಂಟರಿನಲ್ಲಿ ಮುಂದಿಡುವ ಮುಂಗಡ ಪ್ಯಾಕೇಜನ್ನು ಯಾರೂ ಕೊಳ್ಳಬಾರದು ಎನ್ನುತ್ತೇನೆ. ಕ್ಲಿನಿಕ್ಕಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಇದು ಒಬ್ಬ ವೈದ್ಯೆ ಮತ್ತು ಇಬ್ಬರು ಸಹಾಯಕರು ನಡೆಸುವ ಸಣ್ಣ ಜಾಗ; ನನಗಿರುವ ಆಕ್ಷೇಪಗಳನ್ನು ಅವರ ಎದುರಿಗೇ ಹೇಳಿದ್ದೇನೆ. ಇಂಥ ಕ್ಲಿನಿಕ್ಕುಗಳು ಈ ದ್ವೀಪದ ಪ್ರತಿಯೊಂದು ಬಡಾವಣೆಯಲ್ಲೂ ಇರುವುದರಿಂದ, ಒಳಗೆ ಹೋದ ಮೇಲೆ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದೇ ಓದುವವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೊದಲು ನೋಡಬೇಕಾದದ್ದು ನೋಂದಣಿ. ಸಿಂಗಪುರದ ಸಂಸತ್ತು 2000ದಲ್ಲಿ ಚೀನೀ ಪಾರಂಪರಿಕ ವೈದ್ಯರ ಕಾಯ್ದೆಯನ್ನು ಅಂಗೀಕರಿಸಿತು. ಅಂದಿನಿಂದ ಆರೋಗ್ಯ ಸಚಿವಾಲಯದಡಿಯ ಮಂಡಳಿಯೊಂದು ಪರೀಕ್ಷೆ ನಡೆಸಿ, ತೇರ್ಗಡೆಯಾದವರನ್ನು ನೋಂದಾಯಿಸಿಕೊಂಡು, ಅವರಿಗೆ ವೃತ್ತಿ ನಡೆಸುವ ಪ್ರಮಾಣಪತ್ರ ಕೊಡುತ್ತ ಬಂದಿದೆ. ಸೂಜಿ ಚಿಕಿತ್ಸೆಗೆ ಮಾತ್ರ ನೋಂದಾಯಿತರಾದವರು ಬೇರೆ, ಔಷಧಿಯನ್ನೂ ಬರೆಯಬಲ್ಲ ವೈದ್ಯರು ಬೇರೆ. ಮಂಡಳಿಯ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿದರೆ ಯಾರು ಯಾವ ಪಟ್ಟಿಯಲ್ಲಿದ್ದಾರೆ ಎಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ನಮ್ಮ ವೈದ್ಯೆಯ ಪ್ರಮಾಣಪತ್ರ ಕೌಂಟರಿನ ಹಿಂದಿನ ಗೋಡೆಯ ಮೇಲೆಯೇ ಇದೆ, ಪಟ್ಟಿಯಲ್ಲಿ ಅವರ ಹೆಸರೂ ಇದೆ. ಇಲ್ಲಿನ ನಾನ್ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯವು ಬೀಜಿಂಗಿನ ಚೀನೀ ವೈದ್ಯ ವಿಶ್ವವಿದ್ಯಾಲಯದೊಡನೆ ಸೇರಿ 2005ರಲ್ಲಿ ಜೀವವೈದ್ಯ ವಿಜ್ಞಾನ ಮತ್ತು ಚೀನೀ ವೈದ್ಯವನ್ನು ಒಟ್ಟಿಗೆ ಕಲಿಸುವ ಪದವಿಯನ್ನು ಆರಂಭಿಸಿದ ಮೇಲೆ, ರಕ್ತಪರೀಕ್ಷೆಯ ವರದಿಯನ್ನೂ ಎಂಆರ್‌ಐ ಚಿತ್ರದ ವಿವರಣೆಯನ್ನೂ ಸಲೀಸಾಗಿ ಓದಬಲ್ಲ ಒಂದು ತಲೆಮಾರು ಈ ವೃತ್ತಿಗೆ ಬಂದಿದೆ. ಬೀದಿಬದಿಯ ಮಸಾಜ್ ಅಂಗಡಿಗಳ ಹೊರಗೂ ‘ಚೀನೀ ವೈದ್ಯ’ ಎಂಬ ಫಲಕ ಕಾಣಬಹುದು. ಅದನ್ನು ನೋಡಿ ಒಳಗೆ ಹೋಗುವವರು ಸೂಜಿ ಹಿಡಿಯುವ ವ್ಯಕ್ತಿಯ ನೋಂದಣಿಯನ್ನು ಕೇಳಿಯೇ ಮುಂದುವರಿಯಬೇಕು.

ಮೊದಲ ಭೇಟಿ ಮುಕ್ಕಾಲು ಗಂಟೆಗೂ ಹೆಚ್ಚು ಹಿಡಿಯಿತು. ಅದರಲ್ಲಿ ಬಹುಪಾಲು ಪ್ರಶ್ನೆಗಳೇ. ನೋವು ಬೆಳಗ್ಗೆ ಹೆಚ್ಚೋ ಸಂಜೆಯೋ, ಕೂತಾಗಲೋ ನಡೆದಾಗಲೋ, ಬಿಸಿನೀರು ಹಾಕಿಕೊಂಡರೆ ಹಿತವಾಗುತ್ತದೋ ಇಲ್ಲವೋ, ನಿದ್ರೆ ಹೇಗೆ, ಬಾಯಾರಿಕೆ ಹೇಗೆ, ಮಲಮೂತ್ರ ಹೇಗೆ ಎಂದು ಒಂದೊಂದಾಗಿ ಕೇಳಿದರು. ನಾಲಿಗೆ ಚಾಚಿಸಿ ಅದರ ಬಣ್ಣ, ಮೇಲಿನ ಲೇಪ, ಅಂಚಿನ ಹಲ್ಲಿನ ಗುರುತುಗಳನ್ನು ನೋಡಿದರು. ಆಮೇಲೆ ಎರಡೂ ಮಣಿಕಟ್ಟುಗಳ ಮೇಲೆ ಮೂರು ಮೂರು ಬೆರಳಿಟ್ಟು, ಒಮ್ಮೆ ಹಗುರವಾಗಿ ಒಮ್ಮೆ ಒತ್ತಿ ನಾಡಿ ನೋಡಿದರು. ನಮ್ಮ ಆಯುರ್ವೇದದ ಪಂಡಿತರು ಅದೇ ಮೂರು ಬೆರಳುಗಳಿಂದ ವಾತ, ಪಿತ್ತ, ಕಫಗಳನ್ನು ಹುಡುಕಿದರೆ ಚೀನೀ ಪದ್ಧತಿಯಲ್ಲಿ ಪ್ರತಿ ಬೆರಳಿನ ಕೆಳಗೂ ಬೇರೆ ಬೇರೆ ಅಂಗಗಳನ್ನು ಓದುತ್ತಾರೆ. ನಾಡಿಯಿಂದ ಇಷ್ಟೆಲ್ಲ ತಿಳಿಯುತ್ತದೆ ಎಂಬುದನ್ನು ನಾನು ನಂಬುವುದಿಲ್ಲ, ನಂಬಲೇಬೇಕೆಂದು ಅವರೂ ಒತ್ತಾಯಿಸಲಿಲ್ಲ. ನನ್ನ ವಿಶ್ವಾಸ ಗಳಿಸಿದ್ದು ಅವರು ಕೇಳಿದ ಇನ್ನೊಂದು ಬಗೆಯ ಪ್ರಶ್ನೆಗಳು: ಕಾಲಿನಲ್ಲಿ ಶಕ್ತಿ ಕುಂದಿದೆಯೇ, ತೊಡೆಗಳ ನಡುವೆ ಮರಗಟ್ಟಿದಂತಾಗುತ್ತದೆಯೇ, ಮೂತ್ರ ತಡೆಯಲಾಗದಂತಾಗಿದೆಯೇ, ಜ್ವರ ಬಂದಿತ್ತೇ, ಕಾರಣವಿಲ್ಲದೆ ತೂಕ ಇಳಿದಿದೆಯೇ? ಇವುಗಳಲ್ಲಿ ಒಂದಕ್ಕೆ ಹೌದೆಂದರೂ ಸೂಜಿ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಕಳಿಸುವುದಾಗಿ ಅವರು ಆಗಲೇ ಹೇಳಿದರು. ಬೆನ್ನುಹುರಿಯ ತುದಿಯ ನರಗಳು ಒತ್ತಡಕ್ಕೆ ಸಿಕ್ಕಾಗ, ಅಥವಾ ಸೋಂಕೋ ಗಡ್ಡೆಯೋ ಇದ್ದಾಗ ಕಾಣುವ ಲಕ್ಷಣಗಳಿವು. ಯಾವ ಪದ್ಧತಿಯ ವೈದ್ಯರಾದರೂ ಮೊದಲು ಕೇಳಬೇಕಾದ ಪ್ರಶ್ನೆಗಳು.

ಚಿಕಿತ್ಸೆಯ ಕೋಣೆಗಳು ಪರದೆ ಎಳೆದ ಚಿಕ್ಕ ಚಿಕ್ಕ ಗೂಡುಗಳು. ಮುಖ ಇಡಲು ತೂತಿರುವ ಮಂಚದ ಮೇಲೆ ಬೋರಲಾಗಿ ಮಲಗಿದ ಮೇಲೆ ಸ್ಪಿರಿಟ್ ಹತ್ತಿಯಿಂದ ಚರ್ಮ ಒರೆಸಿ, ಮುಚ್ಚಿದ ಪೊಟ್ಟಣವನ್ನು ನನಗೆ ತೋರಿಸಿ ಹರಿಯುತ್ತಾರೆ. ಸೂಜಿ ಕಾಲು ಮಿಲಿಮೀಟರಿನಷ್ಟು ದಪ್ಪ, ನಾಲ್ಕು ಸೆಂಟಿಮೀಟರಿನಷ್ಟು ಉದ್ದ; ಇಂಜೆಕ್ಷನ್ ಸೂಜಿಯಂತೆ ಟೊಳ್ಳಲ್ಲ, ತುದಿಯೂ ಅಷ್ಟು ಹರಿತವಾಗಿ ಕೊರೆಯುವಂಥದ್ದಲ್ಲ. ಪ್ಲಾಸ್ಟಿಕ್ ಕೊಳವೆಯೊಳಗೆ ಅದನ್ನಿಟ್ಟು ಮೇಲಿನಿಂದ ಬೆರಳಲ್ಲಿ ಒಮ್ಮೆ ತಟ್ಟುತ್ತಾರೆ; ಚರ್ಮ ದಾಟುವಾಗ ಆಗುವುದು ಇರುವೆ ಕಚ್ಚಿದಷ್ಟು ನೋವು, ಕೆಲವೊಮ್ಮೆ ಅದೂ ಇಲ್ಲ. ನಿಜವಾದ ಅನುಭವ ಆಮೇಲಿನದು. ಸೂಜಿಯನ್ನು ಮೆಲ್ಲಗೆ ಒಳಕ್ಕೆ ನಡೆಸಿ, ಎಡಕ್ಕೂ ಬಲಕ್ಕೂ ಹೊರಳಿಸುವಾಗ ಒಂದು ಹಂತದಲ್ಲಿ ಸ್ನಾಯು ಅದನ್ನು ಹಿಡಿದುಕೊಂಡಂತಾಗಿ, ಭಾರವೂ ಜೋಮೂ ಬೆರೆತ ಒಂದು ಮಂದ ಸೆಳೆತ ಅಲ್ಲಿಂದ ಹರಡುತ್ತದೆ. ಚೀನೀಯರು ಇದನ್ನು ‘ದ ಚಿ’ ಎನ್ನುತ್ತಾರೆ. ಸೂಜಿ ಸರಿಯಾದ ಜಾಗ ತಲುಪಿತು ಎನ್ನಲು ಅದೇ ಅವರ ಗುರುತು. ಸೊಂಟನೋವಿಗೆ ನನಗೆ ಹಾಕುವುದು ಮುಖ್ಯವಾಗಿ ಸೊಂಟದ ಎರಡನೆಯ ಮತ್ತು ನಾಲ್ಕನೆಯ ಕಶೇರುಗಳ ಇಕ್ಕೆಲದಲ್ಲಿ, ಪೃಷ್ಠದಲ್ಲಿ, ಮತ್ತು ಮಂಡಿಯ ಹಿಂದಿನ ಮಡಿಕೆಯ ನಟ್ಟನಡುವೆ. ಈ ಕೊನೆಯದಕ್ಕೆ ವೈಚೊಂಗ್ ಎಂದು ಹೆಸರು. ಬೆನ್ನು ಸೊಂಟಗಳ ನೋವಿಗೆ ಅದನ್ನೇ ಆರಿಸಬೇಕೆಂದು ಹಳೆಯ ಚೀನೀ ವೈದ್ಯಪದ್ಯವೊಂದು ಹೇಳುತ್ತದೆ. ಎರಡು ಸೂಜಿಗಳಿಗೆ ಪುಟ್ಟ ಕ್ಲಿಪ್ಪು ಸಿಕ್ಕಿಸಿ ಸೆಕೆಂಡಿಗೆ ಎರಡು ಬಾರಿಯಂತೆ ಮಿಡಿಯುವ ಸಣ್ಣ ವಿದ್ಯುತ್ತನ್ನು ಹಾಯಿಸಿ, ಮೇಲೊಂದು ಶಾಖದ ದೀಪವಿಟ್ಟು, ಅರ್ಧ ಗಂಟೆ ಬಿಡುತ್ತಾರೆ. ಕೈಗೆ ಕರೆಗಂಟೆ ಕೊಟ್ಟಿರುತ್ತಾರೆ. ತೆಗೆಯುವಾಗ ಹಾಕಿದ ಸೂಜಿಗಳನ್ನು ಗಟ್ಟಿಯಾಗಿ ಎಣಿಸಿ ಹಳದಿ ಡಬ್ಬಿಗೆ ಹಾಕುತ್ತಾರೆ. ಈ ಎಣಿಕೆ ಒಮ್ಮೆಯೂ ತಪ್ಪಿದ್ದನ್ನು ನಾನು ಕಂಡಿಲ್ಲ.

ಅಳತೆಯ ಕ್ರಮ ನನಗೆ ಬಹಳ ಹಿಡಿಸಿತು. ಸೂಜಿ ಚುಚ್ಚುವ ಬಿಂದುಗಳ ದೂರವನ್ನು ಅವರು ಸೆಂಟಿಮೀಟರಿನಲ್ಲಿ ಅಳೆಯುವುದಿಲ್ಲ. ರೋಗಿಯ ಹೆಬ್ಬೆರಳಿನ ಅಗಲವೇ ಒಂದು ಮಾನ, ಜೋಡಿಸಿದ ನಾಲ್ಕು ಬೆರಳಿನ ಅಗಲ ಮೂರು ಮಾನ. ನಮ್ಮ ಸಂಹಿತೆಗಳ ಸ್ವಾಂಗುಲ ಪ್ರಮಾಣವೂ ಇದೇ ಬಗೆಯದು: ಅವರವರ ದೇಹಕ್ಕೆ ಅವರವರ ಬೆರಳೇ ಅಳತೆಗೋಲು. ಆದರೆ ಇಷ್ಟು ಹೋಲಿಕೆ ಕಂಡೊಡನೆ ‘ನಮ್ಮ ಮರ್ಮಸ್ಥಾನಗಳೇ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಬಿಂದುಗಳಾದವು’ ಎಂದು ನಮ್ಮವರು ಹೇಳುವುದನ್ನು ನಾನು ಒಪ್ಪಲಾರೆ. ಸುಶ್ರುತ ಸಂಹಿತೆ 107 ಮರ್ಮಗಳನ್ನು ಹೇಳುವುದು ಶಸ್ತ್ರವೈದ್ಯನ ಕೈ ಅಲ್ಲಿಗೆ ತಾಗದಿರಲಿ ಎಂಬ ಎಚ್ಚರಿಕೆಗಾಗಿ. ಚೀನೀ ಪದ್ಧತಿಯ 361 ಬಿಂದುಗಳನ್ನು ಗುರುತಿಸಿರುವುದು ಸೂಜಿಯನ್ನು ಅಲ್ಲಿಯೇ ಚುಚ್ಚಲಿಕ್ಕಾಗಿ. ಎರಡು ಪರಂಪರೆಗಳೂ ತಮ್ಮ ತಮ್ಮ ಕಾಲಿನ ಮೇಲೆ ನಿಂತಿವೆ. ಒಂದರ ಹಿರಿಮೆಗಾಗಿ ಇನ್ನೊಂದನ್ನು ಸಾಲವೆಂದು ಹೇಳಬೇಕಾಗಿಲ್ಲ.

ಫಲದ ವಿಷಯಕ್ಕೆ ಬರುತ್ತೇನೆ. ನನ್ನ ನೋವು ಪೂರ್ತಿ ಹೋಗಿಲ್ಲ. ಆದರೆ ಮೊದಲಿನಂತೆ ಕುರ್ಚಿಯಿಂದ ಏಳುವಾಗ ಮೇಜು ಹಿಡಿಯಬೇಕಾಗಿಲ್ಲ, ನೋವಿನ ಮಾತ್ರೆ ಅಪರೂಪವಾಗಿದೆ, ರಾತ್ರಿ ಮಗ್ಗುಲು ಬದಲಿಸುವಾಗ ಎಚ್ಚರವಾಗುವುದಿಲ್ಲ. ಇದರಲ್ಲಿ ಸೂಜಿಯ ಪಾಲೆಷ್ಟು ಎಂದು ಕೇಳುವವರು 2007ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವನ್ನು ನೋಡಬೇಕು. ಬಹುಕಾಲದ ಸೊಂಟನೋವಿದ್ದ 1162 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ಚೀನೀ ಪದ್ಧತಿಯ ಬಿಂದುಗಳಲ್ಲಿ ಸೂಜಿ, ಇನ್ನೊಂದಕ್ಕೆ ಬಿಂದುಗಳಲ್ಲದ ಕಡೆ ಮೇಲೆ ಮೇಲೆ ಚುಚ್ಚಿದ ಸೂಜಿ, ಮೂರನೆಯದಕ್ಕೆ ಮಾತ್ರೆ, ವ್ಯಾಯಾಮ, ಫಿಸಿಯೋಥೆರಪಿಗಳ ರೂಢಿಯ ಚಿಕಿತ್ಸೆ ಕೊಟ್ಟರು. ಆರು ತಿಂಗಳ ನಂತರ ಸುಧಾರಿಸಿದವರು ಕ್ರಮವಾಗಿ ಶೇ 47.6, ಶೇ 44.2 ಮತ್ತು ಶೇ 27.4. ರೂಢಿಯ ಚಿಕಿತ್ಸೆಗಿಂತ ಸೂಜಿ ಎಷ್ಟೋ ಮೇಲಾಯಿತು, ಆದರೆ ಎಲ್ಲಿ ಚುಚ್ಚಿದರೆಂಬುದರಿಂದ ಹೆಚ್ಚು ವ್ಯತ್ಯಾಸವಾಗಲಿಲ್ಲ. ಅದೇ ವರ್ಷದಿಂದ ಜರ್ಮನಿಯ ಸಾರ್ವಜನಿಕ ವಿಮೆ ಸೊಂಟನೋವು ಮತ್ತು ಮಂಡಿಸವೆತಗಳಿಗೆ ಸೂಜಿ ಚಿಕಿತ್ಸೆಯ ವೆಚ್ಚ ಕೊಡತೊಡಗಿತು. ಬ್ರಿಟನ್ನಿನಲ್ಲಿ ಯಾವ ಚಿಕಿತ್ಸೆ ಕೊಡಬೇಕೆಂದು ವೈದ್ಯರಿಗೆ ಸಲಹೆ ಮಾಡುವ ನೈಸ್ ಸಂಸ್ಥೆ ಇದೇ ಬಗೆಯ ಪುರಾವೆಗಳನ್ನು ನೋಡಿ 2016ರಲ್ಲಿ ಸೊಂಟನೋವಿಗೂ 2022ರಲ್ಲಿ ಕೀಲುಸವೆತಕ್ಕೂ ಇದನ್ನು ಕೊಡಬೇಡಿ ಎಂದಿತು; ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ 2020ರಿಂದ ಬಹುಕಾಲದ ಸೊಂಟನೋವಿಗೆ 90 ದಿನಗಳಲ್ಲಿ 12 ಬಾರಿಯ ಚಿಕಿತ್ಸೆಗೆ ಹಣ ಕೊಡುತ್ತಿದೆ, ಗುಣ ಕಂಡರೆ ಮಾತ್ರ ಇನ್ನೂ 8 ಬಾರಿ. ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆ, ನಿಜವಾದ ಸೂಜಿಗೂ ತೋರಿಕೆಯ ಸೂಜಿಗೂ ವ್ಯತ್ಯಾಸ ಸಣ್ಣದಾದರೂ ಇದೆ, ಸಿಕ್ಕ ಉಪಶಮನದ ಬಹುಪಾಲು ವರ್ಷದ ನಂತರವೂ ಉಳಿದಿರುತ್ತದೆ ಎಂದು ಹೇಳಿತು. ಇದನ್ನೆಲ್ಲ ಓದಿ ನಾನು ಬಂದ ನಿಲುವು ಇಷ್ಟೆ: ಚೀನೀ ಪದ್ಧತಿ ಹೇಳುವ, ನಾಡೀಪಥಗಳಲ್ಲಿ ಹರಿಯುವ ಪ್ರಾಣಶಕ್ತಿಯ ವಿವರಣೆ ಸಾಬೀತಾಗಿಲ್ಲ, ನೋವು ಇಳಿಯುವುದು ಮಾತ್ರ ನಿಜ. ಮಾತ್ರೆ ನುಂಗಿ ಹೊಟ್ಟೆ ಕೆಡಿಸಿಕೊಂಡವರಿಗೆ ಅಷ್ಟು ಸಾಕು.

ಸೂಜಿಯ ಜೊತೆಗೆ ಅಲ್ಲಿ ಶಾಖವನ್ನೂ ಕೊಡುತ್ತಾರೆ. ಒಣಗಿಸಿ ಕುಟ್ಟಿದ ಎಲೆಯ ಅರಳೆಯನ್ನು ಸಿಗಾರಿನಂತೆ ಸುತ್ತಿ, ಹೊತ್ತಿಸಿ, ಚರ್ಮಕ್ಕೆ ತಾಗದಂತೆ ಎರಡು ಬೆರಳು ದೂರದಲ್ಲಿ ಹಿಡಿಯುತ್ತಾರೆ. ಹೊಗೆಯ ವಾಸನೆ ಮೂಗಿಗೆ ಬಡಿದೊಡನೆ ಅಮ್ಮ ‘ಇದು ಮಾಚಿಪತ್ರೆ ಕಣೋ, ಗಣಪತಿಗೆ ಏರಿಸ್ತೀವಲ್ಲ’ ಎಂದರು. ಅವರ ಮೂಗು ಸುಳ್ಳು ಹೇಳಿರಲಿಲ್ಲ. ಚವತಿಯ ಪತ್ರೆಪೂಜೆಯ ಮಾಚಿಪತ್ರೆ ಮತ್ತು ಚೀನೀಯರು ಸುಡುವ ‘ಆಯ್ ಯೆ’ ಎರಡೂ ಆರ್ಟೆಮಿಸಿಯ ಕುಲದ ಗಿಡಗಳು; ಮಲೇರಿಯಾದ ಮದ್ದು ಆರ್ಟೆಮಿಸಿನಿನ್ ಸಿಕ್ಕಿದ್ದೂ, ಅದಕ್ಕಾಗಿ ತೂ ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂದದ್ದೂ ಇದೇ ಕುಲದ ಇನ್ನೊಂದು ಗಿಡದಿಂದ. ಶಾಖ ಹಿತವಾಗಿತ್ತು. ಆದರೆ ಗೂಡಿನಲ್ಲಿ ಹೊಗೆ ತುಂಬುತ್ತದೆ. ಉಬ್ಬಸವಿರುವವರು ಹೊಗೆ ಬಾರದ ಇದ್ದಿಲಿನ ಕಡ್ಡಿಯನ್ನು ಕೇಳಿ ಪಡೆಯಬೇಕು. ಬೆನ್ನಿಗೆ ಗಾಜಿನ ಬಟ್ಟಲುಗಳನ್ನು ಕಚ್ಚಿಸುವ ಚಿಕಿತ್ಸೆಯೂ ಇದೆ. ಸಹಾಯಕರು ಅದನ್ನು ಒಮ್ಮೆ ಮಾಡಿದಾಗ, ದುಂಡನೆಯ ಕಡುಗೆಂಪು ಕಲೆಗಳು ವಾರವಿಡೀ ಉಳಿಯುತ್ತವೆ ಎಂದು ಮೊದಲೇ ಹೇಳಲಿಲ್ಲ. ಮನೆಯವರು ನೋಡಿ ಗಾಬರಿಯಾದರು. ಕಲೆಗಳು ತಾವಾಗಿ ಮಾಯವಾದವು, ನೋವೇನೂ ಇರಲಿಲ್ಲ. ಆದರೂ ಮೈಮೇಲೆ ಗುರುತು ಬೀಳುವ ಕೆಲಸವನ್ನು ಮೊದಲೇ ಹೇಳಿ, ಒಪ್ಪಿಗೆ ಪಡೆದು ಮಾಡಬೇಕು. ಈ ಮಾತನ್ನು ವೈದ್ಯೆಗೆ ತಿಳಿಸಿದೆ. ಈಗ ಸಹಾಯಕರು ಚಿತ್ರ ತೋರಿಸಿ ಕೇಳುತ್ತಾರೆ.

ಈ ಕ್ಲಿನಿಕ್ಕಿನ ಬಗ್ಗೆ ನನಗೆ ಗೌರವ ಬಂದದ್ದು ಅವರು ಸೂಜಿ ಹಾಕದೆ ಕಳಿಸಿದ ದಿನ. ಅಮ್ಮ ಬೆಂಗಳೂರಿನಿಂದ ರಾತ್ರಿಯ ವಿಮಾನದಲ್ಲಿ ಬಂದು ಮೂರನೆಯ ದಿನ ಮಂಡಿಯ ಜೊತೆಗೆ ಬಲಗಾಲಿನ ಮೀನಖಂಡವೂ ಹಿಡಿದುಕೊಂಡಿದೆ ಎಂದರು. ವೈದ್ಯೆ ಎರಡೂ ಕಾಲುಗಳನ್ನು ಪಕ್ಕಪಕ್ಕ ಚಾಚಿಸಿ, ಬಲಗಾಲಿನ ಊತದ ಮೇಲೆ ಹೆಬ್ಬೆರಳೊತ್ತಿ ತೆಗೆದರು. ಕುಳಿ ಕೂಡಲೇ ತುಂಬಲಿಲ್ಲ. ಅಳತೆ ಪಟ್ಟಿಯಲ್ಲಿ ಎರಡೂ ಕಡೆಯ ಸುತ್ತಳತೆ ನೋಡಿ ಬರೆದುಕೊಂಡರು. ಆಮೇಲೆ ಸೂಜಿಯೂ ಬೇಡ, ಮಾಲೀಸಂತೂ ಬೇಡವೇ ಬೇಡ, ದೀರ್ಘ ಪ್ರಯಾಣದ ನಂತರ ಒಂದೇ ಕಾಲು ಊದಿದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು, ಒತ್ತಿ ತಿಕ್ಕಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದೀತು, ಈಗಲೇ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಿ ಎಂದು ಚೀಟಿ ಬರೆದುಕೊಟ್ಟರು. ಅಮ್ಮನಿಗೆ ಬೇಸರವಾಯಿತು; ‘ಇಷ್ಟು ದೂರ ನಡೆಸ್ಕೊಂಡು ಬಂದು ಏನೂ ಮಾಡದೆ ಕಳಿಸ್ತಾರಲ್ಲೋ’ ಎಂದು ಲಿಫ್ಟಿನವರೆಗೂ ಹೇಳುತ್ತಲೇ ಬಂದರು. ಸ್ಕ್ಯಾನಿನಲ್ಲಿ ಹೆಪ್ಪು ಕಾಣಲಿಲ್ಲ, ಮಂಡಿಯ ಹಿಂದಿನ ನೀರಿನ ಚೀಲವೊಂದು ಒಡೆದು ಊತ ಬಂದಿತ್ತು. ಆದರೆ ಅದು ಸ್ಕ್ಯಾನ್ ಆದ ಮೇಲೆ ತಿಳಿದ ಸಂಗತಿ. ಆ ದಿನ ಕ್ಲಿನಿಕ್ಕು ನಮ್ಮಿಂದ ಹಣ ತೆಗೆದುಕೊಳ್ಳಲಿಲ್ಲ. ಎರಡು ದಿನ ಬಿಟ್ಟು ಸಹಾಯಕಿ ಫೋನ್ ಮಾಡಿ ಅಮ್ಮನ ಕಾಲು ಹೇಗಿದೆ ಎಂದು ಕೇಳಿದರು. ಒಂದು ಚಿಕಿತ್ಸಾಪದ್ಧತಿಯನ್ನು ನಂಬಿ ಬದುಕುವವರು ತಮ್ಮ ಕೈಯ ಕೆಲಸ ಎಲ್ಲಿಗೆ ಮುಗಿಯುತ್ತದೆ ಎಂದು ಇಷ್ಟು ಸ್ಪಷ್ಟವಾಗಿ ಅರಿತಿರುವುದು ನನಗೆ ಬಹಳ ದೊಡ್ಡ ಗುಣವೆನಿಸುತ್ತದೆ.

ಔಷಧಿಯ ಮಾತು ಇಷ್ಟು ಸುಲಭವಲ್ಲ. ಈಗ ಹೆಚ್ಚಿನ ಕ್ಲಿನಿಕ್ಕುಗಳಲ್ಲಿ ಬೇರುನಾರುಗಳನ್ನು ಮನೆಗೆ ಒಯ್ದು ಕಷಾಯ ಕಾಸಬೇಕಾಗಿಲ್ಲ; ಕಾರ್ಖಾನೆಯಲ್ಲಿ ಕುದಿಸಿ, ಬತ್ತಿಸಿ, ಹರಳುಪುಡಿ ಮಾಡಿದ್ದನ್ನು ತೂಗಿ ಪೊಟ್ಟಣ ಕಟ್ಟಿಕೊಡುತ್ತಾರೆ, ಬಿಸಿನೀರಿಗೆ ಕದಡಿ ಕುಡಿಯಬೇಕು. ನನಗೂ ಅಮ್ಮನಿಗೂ ಅವರು ಆರಿಸಿದ್ದು ‘ದು ಹುವೊ ಜಿ ಶಂಗ್ ತಾಂಗ್’ ಎಂಬ ಹದಿನೈದು ವಸ್ತುಗಳ ಹಳೆಯ ಔಷಧಯೋಗ. ಏಳನೆಯ ಶತಮಾನದ ವೈದ್ಯ ಸುನ್ ಸಿಮಿಯಾವೊ ಅವರ ಹೆಸರಿನಲ್ಲಿ ಬಂದದ್ದು, ವಯಸ್ಸಾದವರ ಸೊಂಟ ಮಂಡಿಗಳ ನೋವಿಗೆ ಇಂದಿಗೂ ಬಳಕೆಯಲ್ಲಿರುವುದು. ಅದರ ಪಟ್ಟಿಯನ್ನು ಕೇಳಿ ಬರೆಸಿಕೊಂಡು ನೋಡಿದರೆ ಪರಿಚಿತರೇ ಹಲವರು: ನಮ್ಮ ಬೇಲಿಯ ಉತ್ತರಾಣಿಯ ಸೋದರ ಗಿಡದ ಬೇರು, ಮರದ ಮೇಲೆ ಬೆಳೆಯುವ ಬಂದಳಿಕೆ, ದಾಲ್ಚಿನ್ನಿಯ ಜಾತಿಯ ತೊಗಟೆ, ಜ್ಯೇಷ್ಠಮಧು. ಈ ಜ್ಯೇಷ್ಠಮಧುವಿನ ಹತ್ತಿರವೇ ವೈದ್ಯೆಯ ಪೆನ್ನು ನಿಂತಿತು. ಅದನ್ನು ಹೆಚ್ಚು ದಿನ ಸೇವಿಸಿದರೆ ದೇಹದಲ್ಲಿ ಉಪ್ಪಿನಂಶ ಉಳಿದು, ಪೊಟಾಸಿಯಂ ಇಳಿದು, ರಕ್ತದೊತ್ತಡ ಏರುತ್ತದೆ; ಅಮ್ಮ ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಅಮ್ಮನ ಮಾತ್ರೆಗಳ ಹಾಳೆಗಳನ್ನೆಲ್ಲ ಮೇಜಿನ ಮೇಲೆ ಹರಡಿಸಿ, ಒಂದೊಂದರ ಹೆಸರು ಓದಿ, ಅಮ್ಮನ ಯೋಗದಿಂದ ಜ್ಯೇಷ್ಠಮಧುವನ್ನು ತೆಗೆದರು. ಅದೇ ಯೋಗದ ‘ದಾಂಗ್ ಗುಯ್’ ಎಂಬ ಬೇರು ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆಯೊಡನೆ ಸೇರಿದರೆ ರಕ್ತಸ್ರಾವದ ಅಪಾಯವಿದೆ. ಅದನ್ನೂ ಅವರೇ ಕೇಳಿದರು. ಎಲ್ಲರೂ ಕೇಳುತ್ತಾರೆಂದು ಭರವಸೆ ಇಡಬೇಡಿ. ಮಾತ್ರೆಗಳನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ.

ನಮ್ಮಲ್ಲಿ ಸಸ್ಯಾಹಾರಿಗಳಾದವರು ಇನ್ನೊಂದನ್ನು ಮೊದಲೇ ಹೇಳಬೇಕು. ಚೀನೀ ಔಷಧಿಗಳಲ್ಲಿ ಎರೆಹುಳು, ಜೀರುಂಡೆಯ ಪೊರೆ, ಕತ್ತೆಯ ಚರ್ಮದಿಂದ ಮಾಡಿದ ಅಂಟು, ಜಿಂಕೆಯ ಕೊಂಬು ಇವೆಲ್ಲ ಸಾಮಾನ್ಯ ವಸ್ತುಗಳು. ಹೇಳದಿದ್ದರೆ ಯಾರೂ ಕೇಳುವುದಿಲ್ಲ. ಸೂಕ್ಷ್ಮವಾಗಿ ಹೇಳುವುದಾದರೆ ಕ್ಯಾಪ್ಸೂಲಿನ ಜಿಲೆಟಿನ್ ಕೂಡ ಪ್ರಾಣಿಯದೇ. ಅಮ್ಮ ಮಡಿಹುಡಿಯವರು, ಬೌದ್ಧ ಸಸ್ಯಾಹಾರಿಗಳು ಇಲ್ಲಿ ಬಹಳ ಮಂದಿ ಇರುವುದರಿಂದ ವೈದ್ಯೆಗೆ ಈ ಕೋರಿಕೆ ಹೊಸದೇನಾಗಿರಲಿಲ್ಲ, ಕಡತದ ಮೇಲೆ ದೊಡ್ಡದಾಗಿ ಬರೆದಿಟ್ಟರು.

‘ಗಿಡಮೂಲಿಕೆಯಲ್ಲವೇ, ಏನಾದೀತು’ ಎಂಬ ನಮ್ಮ ಮಾತಿಗೆ ಎರಡು ಉತ್ತರಗಳಿವೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ತೂಕ ಇಳಿಸುವ ಕ್ಲಿನಿಕ್ಕೊಂದರಲ್ಲಿ ಚೀನೀ ಮೂಲಿಕೆ ಸೇವಿಸಿದ ಹೆಂಗಸರ ಮೂತ್ರಪಿಂಡಗಳು ಕೆಟ್ಟವು. ಹೆಸರಿನ ಸಾಮ್ಯದಿಂದ ಒಂದು ಬೇರಿನ ಬದಲು ಅರಿಸ್ಟೊಲೋಕಿಯ ಕುಲದ ಬೇರು ಸೇರಿಬಿಟ್ಟಿತ್ತು. ಆ ಕುಲದ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಹಾಳುಮಾಡುವುದಲ್ಲದೆ ಕ್ಯಾನ್ಸರನ್ನೂ ತರುತ್ತದೆ. ನಮ್ಮ ಹಳ್ಳಿಗಳಲ್ಲಿ ಹಾವು ಕಡಿತಕ್ಕೆ ಕೊಡುವ ಈಶ್ವರಿ ಬೇರು ಅದೇ ಕುಲದ್ದು ಎಂಬುದನ್ನು ಓದುವವರು ನೆನಪಿನಲ್ಲಿಡಬೇಕು. ಇನ್ನೊಂದು ಉತ್ತರ ಸಿಂಗಪುರದ್ದೇ. ಇಲ್ಲಿ ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಕಿಣ್ವದ ಕೊರತೆಯಿರುವ ಶಿಶುಗಳಿಗೆ ಕಾಮಾಲೆ ಏರಿ ಮಿದುಳಿಗೆ ಹಾನಿಯಾಗುತ್ತಿದ್ದ ಕಾಲದಲ್ಲಿ, ಅದನ್ನು ಹೆಚ್ಚಿಸುತ್ತದೆಂಬ ಶಂಕೆಯಿಂದ ಬರ್ಬೆರಿನ್ ಎಂಬ ರಾಸಾಯನಿಕ ಇರುವ ‘ಹುವಾಂಗ್ ಲಿಯನ್’ ಬೇರನ್ನು 1978ರಲ್ಲಿ ನಿಷೇಧಿಸಿದರು. ನಿರ್ಬಂಧ ಸಡಿಲವಾಗಲು ಹಲವು ದಶಕಗಳೇ ಹಿಡಿದವು. ನಮ್ಮ ಮರದರಿಶಿನದಲ್ಲಿರುವುದೂ ಅದೇ ಬರ್ಬೆರಿನ್. ನಮ್ಮ ಕ್ಲಿನಿಕ್ಕಿನ ನೋಂದಣಿ ಹಾಳೆಯಲ್ಲಿ ಜಿ6ಪಿಡಿಯ ಪ್ರಶ್ನೆ ಮೊದಲ ಸಾಲುಗಳಲ್ಲೇ ಇದೆ, ಗರ್ಭಿಣಿಯೇ ಎಂಬ ಪ್ರಶ್ನೆಯೂ ಇದೆ. ಹಾಗಿದ್ದೂ ನಾನು ಪುಡಿಯನ್ನು ಕೆಲವು ವಾರ ಕುಡಿದು ನಿಲ್ಲಿಸಿದೆ. ಸೂಜಿಯಿಂದ ಆದ ಉಪಶಮನಕ್ಕಿಂತ ಹೆಚ್ಚಿನದೇನೂ ಅದರಿಂದ ಕಾಣಲಿಲ್ಲ. ನಿಲ್ಲಿಸುತ್ತೇನೆಂದಾಗ ವೈದ್ಯೆ ತಡೆಯಲೂ ಇಲ್ಲ.

ತಡೆಯುವ ಕೆಲಸ ನಡೆಯುವುದು ಕೌಂಟರಿನಲ್ಲಿ. ಒಂದು ಬಾರಿಯ ನೋಟ ಮತ್ತು ಸೂಜಿಗೆ 60 ಸಿಂಗಪುರ ಡಾಲರ್ ಆಸುಪಾಸು ಆಗುತ್ತದೆ, ಔಷಧಿಗೆ ಬೇರೆ. ಹಣ ಕೊಡುವಾಗ ಪ್ರತಿಸಲವೂ ಹತ್ತು ಬಾರಿಯ ಪ್ಯಾಕೇಜಿನ ಹಾಳೆಯನ್ನು ಮುಂದಿಡುತ್ತಾರೆ: ಮುಂಗಡ ಕೊಟ್ಟರೆ ರಿಯಾಯಿತಿ, ಆರು ತಿಂಗಳೊಳಗೆ ಮುಗಿಸಬೇಕು, ಉಳಿದರೆ ಹಣ ಹಿಂದಿರುಗಿಸುವುದಿಲ್ಲ. ಒಳಗೆ ವೈದ್ಯೆ ‘ಐದಾರು ಬಾರಿಗೆ ಏನೂ ವ್ಯತ್ಯಾಸ ಕಾಣದಿದ್ದರೆ ಬಿಟ್ಟುಬಿಡಿ’ ಎಂದು ಹೇಳಿ ಕಳಿಸುತ್ತಾರೆ, ಹೊರಗೆ ಹತ್ತಕ್ಕೆ ಹಣ ಕೇಳುತ್ತಾರೆ. ನೋವಿನಲ್ಲಿರುವವರು ಆ ಗಳಿಗೆಯಲ್ಲಿ ಬೇಡವೆನ್ನಲು ಹಿಂಜರಿಯುತ್ತಾರೆ. ಅದರಲ್ಲೂ ನಮ್ಮೂರಿನಿಂದ ಬಂದ ಹಿರಿಯರು ಮುಖದ ಮೇಲೆ ಇಲ್ಲವೆನ್ನಲಾರರು. ಪ್ರತಿ ಸಲದ ಹಣವನ್ನು ಪ್ರತಿ ಸಲವೇ ಕೊಡಿ. ಖರ್ಚು ಹೆಚ್ಚೆನಿಸುವವರಿಗೆ ಇಲ್ಲಿ ದತ್ತಿ ಚಿಕಿತ್ಸಾಲಯಗಳ ಹಳೆಯ ಪರಂಪರೆಯೇ ಇದೆ. 1867ರಲ್ಲಿ ಸ್ಥಾಪನೆಯಾದ ಥೊಂಗ್ ಚಾಯ್ ಸಂಸ್ಥೆ ಜನಾಂಗ, ಧರ್ಮ ನೋಡದೆ ಬಡವರಿಗೆ ಉಚಿತವಾಗಿ ಔಷಧಿ ಕೊಡಲೆಂದೇ ಹುಟ್ಟಿದ್ದು. 1892ರಲ್ಲಿ ಕಟ್ಟಿದ ಅದರ ಹಳೆಯ ಮನೆ 1973ರಿಂದ ರಾಷ್ಟ್ರೀಯ ಸ್ಮಾರಕವಾಗಿ ಚೈನಾಟೌನಿನ ಅಂಚಿನಲ್ಲಿ ನಿಂತಿದೆ, ಚಿಕಿತ್ಸೆ ಈಗ ಚಿನ್ ಸ್ವೀ ರಸ್ತೆಯ ಕಟ್ಟಡದಲ್ಲಿ ನಡೆಯುತ್ತದೆ. ಭಾರತೀಯರೂ ಅಲ್ಲಿಗೆ ಹೋಗಬಹುದೆಂಬುದು ನಮ್ಮ ಅನೇಕರಿಗೆ ಗೊತ್ತಿಲ್ಲ.

ಅಮ್ಮ ಶಿವಮೊಗ್ಗಕ್ಕೆ ಮರಳುವಾಗ ಅಲ್ಲಿಯೂ ಸೂಜಿ ಮುಂದುವರಿಸಬಹುದೇ ಎಂದು ಕೇಳಿದರು. ಭಾರತಕ್ಕೆ ಈ ವಿದ್ಯೆ ಹೊಸದಲ್ಲ. 1938ರಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅವರೊಡನೆ ಚೀನಾಕ್ಕೆ ಹೋಗಿದ್ದ ವೈದ್ಯ ತಂಡದ ಡಾ. ಬಿ. ಕೆ. ಬಸು 1959ರಲ್ಲಿ ಇದನ್ನು ಕಲ್ಕತ್ತಕ್ಕೆ ತಂದರು, 2019ರಲ್ಲಿ ಕೇಂದ್ರ ಸರ್ಕಾರ ಇದನ್ನು ಸ್ವತಂತ್ರ ಚಿಕಿತ್ಸಾಪದ್ಧತಿಯೆಂದು ಮಾನ್ಯ ಮಾಡಿತು. ಆದರೆ ಇಲ್ಲಿಯಂತೆ ಹೆಸರು ಹಾಕಿ ಹುಡುಕುವ ಅನುಕೂಲ ಅಲ್ಲಿಲ್ಲದ್ದರಿಂದ, ಎಂಬಿಬಿಎಸ್ ಓದಿ ಆಮೇಲೆ ಸೂಜಿ ಕಲಿತವರು ಸಿಕ್ಕರೆ ಮಾತ್ರ ಹೋಗಿ ಎಂದು ನಾನು ಅಮ್ಮನಿಗೆ ಹೇಳಿದ್ದೇನೆ. ಮಂಡಿಗೆ ವೈದ್ಯೆ ಹೇಳಿಕೊಟ್ಟ ತೊಡೆಯ ವ್ಯಾಯಾಮವನ್ನು ಅವರು ಬಿಟ್ಟಿಲ್ಲ. ಮಂಡಿಸವೆತಕ್ಕೆ ಎಲ್ಲ ವೈದ್ಯರೂ ಒಪ್ಪುವ ಚಿಕಿತ್ಸೆ ಅದೇ.

ನನ್ನ ಇನ್ನೊಂದು ಆಕ್ಷೇಪ ಪೊಟ್ಟಣಗಳ ಚೀಟಿಯದು. ಅವುಗಳ ಮೇಲೆ ಅಚ್ಚಾಗುವುದು ಚೀನೀ ಲಿಪಿ ಮತ್ತು ಒಂದು ಸಂಖ್ಯೆ ಮಾತ್ರ. ಅಮ್ಮ ಉಳಿದ ಪೊಟ್ಟಣಗಳನ್ನು ಊರಿನ ವೈದ್ಯರಿಗೆ ತೋರಿಸಿದಾಗ, ಒಳಗೇನಿದೆ ಎಂದು ತಿಳಿಯದೆ ಇದನ್ನು ನಿಮ್ಮ ಬಿಪಿ ಮಾತ್ರೆಯ ಜೊತೆ ಹೇಗೆ ಕೊಡಲಿ ಎಂದು ಅವರು ಕೇಳಿದರಂತೆ. ಅವರು ಕೇಳಿದ್ದು ಸರಿ. ಇದನ್ನು ವೈದ್ಯೆಗೆ ಹೇಳಿದ ಮೇಲೆ, ಕೇಳಿದವರಿಗೆ ಪ್ರತಿಯೊಂದು ಮೂಲಿಕೆಯ ಲ್ಯಾಟಿನ್ ಸಸ್ಯನಾಮವನ್ನೂ ಗ್ರಾಂ ಲೆಕ್ಕವನ್ನೂ ಮುದ್ರಿಸಿದ ಹಾಳೆಯನ್ನು ಕೊಡುತ್ತಿದ್ದಾರೆ. ಕೇಳದವರಿಗೆ ಇನ್ನೂ ಹಳೆಯ ಚೀಟಿಯೇ ಸಿಗುತ್ತಿದೆ. ಆದ್ದರಿಂದ ಔಷಧಿ ಕೊಳ್ಳುವವರು ಹಣ ಕೊಡುವ ಮೊದಲೇ ಆ ಹಾಳೆಯನ್ನು ಕೇಳಿ ಪಡೆದು, ಅದರ ಫೋಟೊವನ್ನು ತಮ್ಮ ಕುಟುಂಬ ವೈದ್ಯರಿಗೆ ಕಳಿಸಿ, ಉತ್ತರ ಬಂದ ಮೇಲೆ ಮೊದಲ ಪೊಟ್ಟಣ ಒಡೆಯಬೇಕು.